ಒಂದು ಸ್ಪ್ರಿಂಗಿನ ಪಂಚನಾಮೆ

ಮುರಿದದ್ದು ಕಿರುಬೆರಳಿನ ಉಗುರಿನಷ್ಟೂ ಇಲ್ಲದ ಒಂದು ಉಕ್ಕಿನ ಸ್ಪ್ರಿಂಗು. ಅದರ ಕಡತ ಮಾತ್ರ ಈಗ ಎರಡೂ ಕೈ ಚಾಚಿ ಹಿಡಿಯಬೇಕಾದಷ್ಟು ದಪ್ಪವಾಗಿದೆಯೆಂದು ಕಂಡವರು ಹೇಳುತ್ತಾರೆ. ಆ ಸ್ಪ್ರಿಂಗು ಮುರಿದಾಗ ಹತ್ತಡಿ ದೂರದಲ್ಲಿ ಬೋರಲು ಮಲಗಿದ್ದವನು ನಾನು.

ಶಿರಸಿ ಕಡೆಯ ಅಡಿಕೆ ಬೆಳೆಗಾರರಿಗೆ ಬೆಳೆ ರಕ್ಷಣೆಯ ಕೋವಿ ಹೊಸದಲ್ಲ. ಹೊಸದೇನೆಂದರೆ 2016ರ ಶಸ್ತ್ರಾಸ್ತ್ರ ನಿಯಮಗಳು. ಅವುಗಳ ಪ್ರಕಾರ ಪರವಾನಗಿ ಬೇಡುವವನು ಸುರಕ್ಷತಾ ತರಬೇತಿಯ ಪ್ರಮಾಣಪತ್ರವನ್ನೂ ಹಿಡಿದು ಬರಬೇಕು. ಹಾಗಾಗಿ ನಾನೂ, ತೀರಿಕೊಂಡ ಅಣ್ಣನ ತೋಟೆ ಕೋವಿಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಹೊರಟಿದ್ದ ಪಕ್ಕದ ತೋಟದ ಯಜಮಾನರೂ, ನಸುಕಿನಲ್ಲೇ ದೇವಿಮನೆ ಘಟ್ಟ ಇಳಿದು, ಕುಮಟಾ, ಅಂಕೋಲಾಗಳನ್ನು ದಾಟಿ, ಕಾರವಾರದ ಸಮೀಪದ ಮೈದಾನವೊಂದಕ್ಕೆ ಹೋದೆವು. ತರಬೇತಿ ಕೊಡುವ ಕಚೇರಿ ಯಾವುದೆಂದು ಹೇಳುವುದಿಲ್ಲ. ಹೇಳಿದರೆ ಅದಕ್ಕೂ ಒಂದು ಕಡತ ತೆರೆಯಬೇಕಾದೀತು.

ನಮ್ಮ ಕೈಗಿತ್ತದ್ದು .303 ರೈಫಲ್. 1907ರಲ್ಲಿ ರೂಪ ತಳೆದು ಎರಡು ಮಹಾಯುದ್ಧಗಳನ್ನು ಕಂಡ ಮಾದರಿ ಅದು. ಉತ್ತರಪ್ರದೇಶದ ಪೊಲೀಸರು 2020ರ ಗಣರಾಜ್ಯೋತ್ಸವದಂದು ವಿಧಿವತ್ತಾಗಿ ಬೀಳ್ಕೊಟ್ಟದ್ದೂ ಅದನ್ನೇ. ಸಾಮಾನ್ಯ ರೈತನ ಪರವಾನಗಿಗೆ ಈ ಬೋರು, ಅಂದರೆ ನಳಿಗೆಯ ಈ ಅಳತೆ, ದಕ್ಕುವುದಿಲ್ಲ. ಮನೆಯಲ್ಲಿ ಇಟ್ಟುಕೊಳ್ಳಬಾರದ ಬಂದೂಕನ್ನು ಸುರಕ್ಷಿತವಾಗಿ ಇಟ್ಟುಕೊಳ್ಳುವುದು ಹೇಗೆಂದು ಕಲಿಯಲು ನಾವು ಅಷ್ಟು ದೂರ ಹೋಗಿದ್ದೆವು ಎಂಬುದು ಅಲ್ಲಿದ್ದ ಯಾರಿಗೂ ವಿಚಿತ್ರವೆನಿಸಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಹೊಳೆದದ್ದು ಹಿಂದಿರುಗುವಾಗ, ಘಟ್ಟದ ತಿರುವಿನಲ್ಲಿ.

ಮೊದಲ ತಾಸಿನ ಪಾಠ ಚೊಕ್ಕವಾಗಿತ್ತು. ಬಂದೂಕು ಮುನಿಸಿಕೊಂಡರೆ ಗಾಬರಿಯಾಗಬೇಡಿ, ಮೂತಿ ಗುರಿಯ ಕಡೆಗೇ ಇರಲಿ, ಬೆರಳು ಟ್ರಿಗರಿನಿಂದ ಹೊರಗೆ ಬರಲಿ, ಕೈಯೆತ್ತಿ ಸುಮ್ಮನೆ ಮಲಗಿರಿ ಎಂದು ಹವಾಲ್ದಾರರು ಮೂರು ಸಲ ಹೇಳಿದ್ದರು. ಆಮೇಲೆ ತಲಾ ಐದು ಗುಂಡು. ಯಜಮಾನರು ಮೂರನೆಯ ಗುಂಡು ಹಾರಿಸಿ, ನಳಿಗೆಯ ಹಿಂಬದಿಯನ್ನು ಮುಚ್ಚುವ ಬೋಲ್ಟನ್ನು ಹಿಂದಕ್ಕೆಳೆದರು. ಬೋಲ್ಟು ಬರಿಗೈಯಲ್ಲಿ ಬಂತು. ಸುಟ್ಟ ತೋಟೆಯನ್ನು, ಅಂದರೆ ಗುಂಡು ಹಾರಿದ ಮೇಲೆ ಉಳಿಯುವ ಖಾಲಿ ಕವಚವನ್ನು, ಅಂಚು ಹಿಡಿದು ಹೊರಗೆಳೆಯಬೇಕಾದ ಕೊಕ್ಕೆ ತನ್ನ ಹಿಡಿತ ಬಿಟ್ಟಿತ್ತು, ತೋಟೆ ನಳಿಗೆಯ ಬುಡದಲ್ಲೇ ಕುಳಿತಿತ್ತು. ಬೇರೆ ಯಾರಾದರೂ ಆಗಿದ್ದರೆ ಬಂದೂಕನ್ನು ತಿರುಗಿಸಿ ಒಳಗೆ ಇಣುಕುತ್ತಿದ್ದರು, ಇಲ್ಲವೇ ಮುಂದಿನ ಗುಂಡನ್ನು ಅದರ ಬೆನ್ನಿಗೇ ತುರುಕುತ್ತಿದ್ದರು. ಇವರು ಹಾಗೆ ಮಾಡಲಿಲ್ಲ. ಬೆರಳು ತೆಗೆದು, ಕೈಯೆತ್ತಿ, ಗುರಿಯ ದಿಬ್ಬವನ್ನೇ ನೋಡುತ್ತಾ ಮಲಗಿಬಿಟ್ಟರು.

ಹವಾಲ್ದಾರರು ಬಂದು ಮ್ಯಾಗಜಿನ್ ಬಿಚ್ಚಿಟ್ಟು, ಮೂತಿಯ ಕಡೆಯಿಂದ ಸರಳು ಇಳಿಸಿ ಮೆಲ್ಲಗೆ ತಟ್ಟಿದರು. ತೋಟೆ ಹಿಂದಕ್ಕೆ ಜಾರಿ ತಾಡಪಾಲಿನ ಮೇಲೆ ಬಿತ್ತು. ಬೋಲ್ಟಿನ ತಲೆಯನ್ನು ಬಿಚ್ಚಿ ನೋಡಿದರೆ ಕೊಕ್ಕೆಯನ್ನು ಒತ್ತಿ ಹಿಡಿಯುವ ಆ ಮಡಚಿದ ಸ್ಪ್ರಿಂಗು ಎರಡು ತುಂಡಾಗಿತ್ತು. ಮುರಿದ ಅಂಚಿನ ಅರ್ಧ ಭಾಗ ಕಂದು, ಅರ್ಧ ಬೆಳ್ಳಗೆ. ಅಂದರೆ ಕಡಲಿನ ಉಪ್ಪುಗಾಳಿಗೆ ತುಕ್ಕು ಹಿಡಿದ ಬಿರುಕೊಂದು ಎಷ್ಟೋ ಕಾಲದಿಂದ ಅಲ್ಲಿತ್ತು, ಯಜಮಾನರ ಪಾಲಿಗೆ ಬಂದದ್ದು ಉಳಿದರ್ಧ ಮಾತ್ರ.

ಇಲ್ಲಿಗೆ ಬಂದೂಕಿನ ಕಥೆ ಮುಗಿಯಿತು. ಕಾಗದದ ಕಥೆ ಶುರುವಾಯಿತು.

ಮುರಿದ ಭಾಗವನ್ನು ಪೂರ್ತಿಯಾಗಿ ಹಿಂದಿರುಗಿಸಿದರೆ ಮಾತ್ರ ಹೊಸದಕ್ಕೆ ಇಂಡೆಂಟ್, ಅಂದರೆ ಬೇಡಿಕೆಪತ್ರ, ಹಾಕಬಹುದಂತೆ. ಒಂದು ತುಂಡು ಬೋಲ್ಟಿನಲ್ಲಿತ್ತು. ಇನ್ನೊಂದು ಮರಳಿನ ಪಾಲಾಗಿತ್ತು. ಉದುರಡಿಕೆ ಹೆಕ್ಕಿ ಪಳಗಿದ ಕೈಗಳಿವೆಯಲ್ಲ ಎಂದು ಗುಂಡು ಹಾರಿಸಲು ಬಂದವರೆಲ್ಲರನ್ನೂ ಮಂಡಿಯೂರಿಸಿ ಮರಳು ಜಾಲಿಸಲಾಯಿತು. ಊಟದ ಹೊತ್ತಿನವರೆಗೆ ಜಾಲಿಸಿ ನಾವು ಪಡೆದದ್ದು ಎರಡು ಕಪ್ಪೆಚಿಪ್ಪು, ಒಂದು ಅಂಗಿಯ ಗುಂಡಿ. ಅವುಗಳನ್ನೂ ಪಂಚನಾಮೆಯಲ್ಲಿ ನಮೂದಿಸಲಾಯಿತು. ಸ್ಥಳದ ನಕ್ಷೆಗೆ ಚಕ್ಕುಬಂದಿ ಬೇಕಾಯಿತು. ಪಶ್ಚಿಮಕ್ಕೆ ಅರಬ್ಬೀ ಸಮುದ್ರ ಎಂದು ಬರೆದರು. ಸ್ಪ್ರಿಂಗನ್ನು ತಿಂದ ಆರೋಪಿಯ ಹೆಸರು ಆ ಕಾಗದದಲ್ಲಿ ಬಂದದ್ದು ಅದೊಂದೇ ಸಲ, ಅದೂ ಗಡಿಯಾಗಿ.

ನಂತರ ಯಜಮಾನರ ಹೇಳಿಕೆ.

“ಬೋಲ್ಟನ್ನು ಜೋರಾಗಿ ಎಳೆದಿರೋ, ಮೆತ್ತಗೆ ಎಳೆದಿರೋ?”

“ಸಾಹೇಬ್ರೇ, ಕೊಟ್ಟಿಗೆಯ ಅಗಳಿ ಎಳೆದ ಹಾಗೆ ಎಳೆದೆ.”

“ಕೊಟ್ಟಿಗೆಯ ಅಗಳಿಗೆ ಸಮನಾದ ಬಲವನ್ನು ಪ್ರಯೋಗಿಸಿದ್ದು ಸರಿಯಷ್ಟೆ” ಎಂದು ಬರೆದುಕೊಂಡು ಸಹಿ ಹಾಕಿಸಿಕೊಂಡರು. ಬಂದೂಕಿಗೆ ಕೊನೆಯ ಸಲ ಎಣ್ಣೆ ಹಾಕಿದ್ದು ಯಾವಾಗ ಎಂಬ ಪ್ರಶ್ನೆ ಆ ನಮೂನೆಯಲ್ಲಿ ಇರಲಿಲ್ಲ.

ಇಂಡೆಂಟ್ ಮೇಲಕ್ಕೆ ಹೋಗಿ ಷರಾದೊಂದಿಗೆ ಕೆಳಕ್ಕೆ ಬಂತಂತೆ: ದಾಸ್ತಾನು ಇಲ್ಲ, ಮೂರು ದರಪಟ್ಟಿ ಪಡೆದು ಸಲ್ಲಿಸತಕ್ಕದ್ದು. ಪರವಾನಗಿಯಿಲ್ಲದೆ ಬಂದೂಕಿನ ಭಾಗವನ್ನು ಮಾರುವುದಾಗಲಿ, ಬಂದೂಕನ್ನು ರಿಪೇರಿ ಮಾಡುವುದಾಗಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಅಪರಾಧ. ಆದ್ದರಿಂದ ಈ ಸ್ಪ್ರಿಂಗಿಗೆ ಮೂರು ದರ ಬೇಕಾದರೆ ಮೊದಲು ಮೂವರು ಅಪರಾಧಿಗಳನ್ನು ಹುಡುಕಬೇಕು. ಅವರಲ್ಲಿ ಕಡಿಮೆ ದರದವನನ್ನು ಆರಿಸಬೇಕು. ಅಲ್ಲಿಂದ ಕೆಲವೇ ಮೈಲಿ ದಕ್ಷಿಣಕ್ಕೆ, ಅರ್ಗಾದ ನೌಕಾನೆಲೆಯಲ್ಲಿ, ವಿಮಾನಗಳನ್ನೇ ಹೊರುವ ಹಡಗುಗಳು ಬಂದು ತಂಗುತ್ತವೆ. ನಗರದ ಕಡಲತೀರದಲ್ಲಿ ನಿವೃತ್ತ ಯುದ್ಧನೌಕೆ ಚಾಪಲ್ ಪ್ರವಾಸಿಗರಿಗಾಗಿ ಬಣ್ಣ ಬಳಿದುಕೊಂಡು ನಿಂತಿದೆ. ನಮ್ಮ ರೈಫಲ್ಲಿಗೂ ಅದರ ಪಕ್ಕದಲ್ಲೊಂದು ಜಾಗ ಮಾಡಿಕೊಡಬಹುದಿತ್ತು. ಆದರೆ ಅದಿನ್ನೂ ಸೇವೆಯಲ್ಲಿದೆ.

ಐದೂ ಗುಂಡು ಹಾರಿಸಿದ ನಮಗೆಲ್ಲ ಪ್ರಮಾಣಪತ್ರ ಬಂತು. ನಾನು ಹಾರಿಸಿದ ಐದರಲ್ಲಿ ಎರಡು ಗುರಿಯ ಹಲಗೆಗೆ ತಾಗಿದ್ದವು, ಮಿಕ್ಕವು ಎಲ್ಲಿ ಹೋದವೆಂಬುದು ದೇವರಿಗೇ ಗೊತ್ತು. ತೋಟೆ ಸಿಕ್ಕಿಕೊಂಡರೆ ನಾನು ಆ ಕ್ಷಣದಲ್ಲಿ ಏನು ಮಾಡುತ್ತಿದ್ದೆನೆಂಬುದು ನನಗೇ ಗೊತ್ತಿಲ್ಲ. ಆದರೂ ನಾನು ಸರ್ಕಾರದ ಲೆಕ್ಕದಲ್ಲಿ ಸುರಕ್ಷಿತ ವ್ಯಕ್ತಿ. ಯಜಮಾನರ ಅರ್ಜಿಯ ಮೇಲೆ ಮಾತ್ರ ‘ಐದರಲ್ಲಿ ಮೂರು, ತರಬೇತಿ ಅಪೂರ್ಣ’ ಎಂದು ಬರೆಯಲಾಗಿದೆ. ಅವರು ಸದ್ಯ ಡಬ್ಬ ಬಡಿದು ಮಂಗಗಳನ್ನು ಓಡಿಸುತ್ತಿದ್ದಾರೆ.

ಕಳೆದ ವಾರ ಅವರಿಗೊಂದು ರಿಜಿಸ್ಟರ್ ಪತ್ರ ಬಂತು. ಕಾಣೆಯಾದ ಅರ್ಧ ಸ್ಪ್ರಿಂಗು ತಮ್ಮ ಉಡುಪಿನಲ್ಲಾಗಲಿ ಸಾಮಾನಿನಲ್ಲಾಗಲಿ ಅಜಾಗರೂಕತೆಯಿಂದ ಉಳಿದುಕೊಂಡಿದ್ದಲ್ಲಿ ಏಳು ದಿನಗಳೊಳಗೆ ಖುದ್ದಾಗಿ ಹಾಜರುಪಡಿಸತಕ್ಕದ್ದು ಎಂದಿತ್ತು. ನಾನು ಓದಿ ಹೇಳಿದೆ. ಅವರು ಒಳಗೆ ಹೋಗಿ ಅಂದು ತೊಟ್ಟಿದ್ದ ಅಂಗಿಯನ್ನು ತಂದು, ಜಗಲಿಯ ಮೇಲೆ ಪೇಪರು ಹಾಸಿ, ಕಿಸೆಯನ್ನು ಒಳಹೊರಗು ಮಾಡಿ ಕೊಡವಿದರು. ಅಡಿಕೆಯ ಎರಡು ಚೂರು, ಕುಮಟಾ ಬಸ್ಸಿನ ಟಿಕೆಟ್ಟು ಮತ್ತು ಒಂದು ಚಿಟಿಕೆ ಕಾರವಾರದ ಮರಳು ಬಿದ್ದವು. “ಮರಳನ್ನೂ ಒಯ್ಯಬೇಕೋ?” ಎಂದು ಕೇಳಿದರು.