ಭತ್ತದ ಗಿಡ ಸುಮ್ಮನೆ ಸೋಲುವುದಿಲ್ಲ

ಭತ್ತಕ್ಕೆ ಬೆಂಕಿ ರೋಗ ಬಂದರೆ ಔಷಧಿ ಸಿಂಪಡಿಸುವುದೊಂದೇ ದಾರಿ ಎಂದು ಲೇಖನವೊಂದರಲ್ಲಿ ಓದಿದೆ. ಮಂಡ್ಯದ ನಾಲೆ ಬಯಲಿನಲ್ಲಿ ಭತ್ತ ಬೆಳೆಯುವ ನಾನು ಇದನ್ನು ಒಪ್ಪಲಾರೆ. ಅದರಲ್ಲಿ ಗಿಡದ ಸ್ವಂತ ಹೋರಾಟದ ಬಗ್ಗೆ ಒಂದು ಮಾತೂ ಇಲ್ಲವಲ್ಲ!

ಈ ರೋಗದ ಶಿಲೀಂಧ್ರ ಎಲೆಯ ಮೇಲೆ ಗುಮ್ಮಟದಂತಹ ಕೋಶವೊಂದನ್ನು ಕಟ್ಟಿ, ವಾತಾವರಣದ ಒತ್ತಡದ ಸುಮಾರು 80 ಪಟ್ಟು ಬಲದಿಂದ ಒಳನುಗ್ಗುತ್ತದೆ. ಅದನ್ನು ಎದುರಿಸಲು ಭತ್ತ ಮಣ್ಣಿನಿಂದ ಸಿಲಿಕಾ ಹೀರಿ ಎಲೆಯ ಹೊರಪದರದಲ್ಲಿ ತುಂಬಿಕೊಂಡಿರುತ್ತದೆ. (ಗರಿ ಸವರಿದರೆ ಕೈ ಗೀರುವುದು ಇದರಿಂದಲೇ.) ಅದನ್ನೂ ದಾಟಿ ಬಂದರೆ, ನಿರೋಧಕ ತಳಿಗಳಲ್ಲಿ ಶಿಲೀಂಧ್ರವನ್ನು ಗುರುತಿಸಿದ ಜೀವಕೋಶಗಳು ತಾವೇ ಸತ್ತು ರೋಗ ಹರಡದಂತೆ ತಡೆಯುತ್ತವೆ. ಆಗ ಎಲೆಯ ಮೇಲೆ ಉಳಿಯುವುದು ಸಣ್ಣ ಕಂದು ಚುಕ್ಕೆ ಮಾತ್ರ. ರೋಗ ಗೆದ್ದಾಗ ಮೂಡುವ, ನಡುವೆ ಬೂದು ಬಣ್ಣವಿರುವ, ಎರಡೂ ತುದಿ ಚೂಪಾದ ಮಚ್ಚೆಯಲ್ಲ. ಗಿಡ ಗೆದ್ದ ಗುರುತನ್ನೇ ರೋಗವೆಂದು ತಿಳಿದು ಔಷಧಿ ಅಂಗಡಿಗೆ ಓಡುವವರನ್ನು ಕಂಡರೆ ಸಂಕಟವಾಗುತ್ತದೆ.

ಯೂರಿಯಾ ಅತಿಯಾದರೆ ಗರಿ ಮೆತ್ತಗಾಗಿ ಈ ರಕ್ಷಣೆಯೇ ಕುಸಿಯುತ್ತದೆ. ದಯವಿಟ್ಟು ಅದನ್ನು ಕಂತುಗಳಲ್ಲಿ ಕೊಡಿ. ರೋಗ ತಡೆಯುವ ತಳಿ ಯಾವುದು ಎಂಬುದನ್ನು ಒಟ್ಟಲು (ಸಸಿಮಡಿ) ಬಿಡುವ ಮೊದಲೇ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರ್ಮಿನ ವಿಜ್ಞಾನಿಗಳಲ್ಲಿ ಕೇಳಿ.