ತುಳುವಿನ ಜೊತೆ ಬಂದ ನೆಂಟರು

2024ರ ಜೂನ್‌ನಲ್ಲಿ ಗೂಗಲ್ ಟ್ರಾನ್ಸ್‌ಲೇಟ್‌ಗೆ ತುಳು ಬಂದಾಗ ನಮ್ಮ ಮನೆಯ ವಾಟ್ಸಾಪ್ ಗ್ರೂಪಿನಲ್ಲಿ ಎರಡು ದಿನ ಗಲಾಟೆಯೋ ಗಲಾಟೆ. ಅದು ಮಾಡುವ ತಪ್ಪು ಹುಡುಕುವುದು, ಸ್ಕ್ರೀನ್‌ಶಾಟ್ ಹಾಕುವುದು, ನಗುವುದು. ಆ ಸಲ ಒಟ್ಟು 110 ಭಾಷೆ ಸೇರಿಸಿದ್ದರು. ನಮ್ಮ ಜೊತೆ ಇನ್ಯಾರೆಲ್ಲ ಬಂದಿದ್ದಾರೆ ನೋಡೋಣ ಅಂತ ಪಟ್ಟಿ ತೆಗೆದೆ. ಅಲ್ಲಿ ಎನ್ಕೋ ಅಂತ ಒಂದು ಹೆಸರು. ಜೂಲಾ ಅಂತ ಇನ್ನೊಂದು. 2022ರಲ್ಲಿ ಕೊಂಕಣಿ ಸೇರಿದಾಗ ಅದರ ಜೊತೆಗೇ ಬಂಬರಾ ಅನ್ನುವುದೂ ಬಂದಿತ್ತಂತೆ. ಸ್ವಲ್ಪ ಓದಿದ ಮೇಲೆ ಗೊತ್ತಾಯಿತು, ಈ ಮೂರೂ ಒಂದೇ ಮನೆಯವು.

ಪಶ್ಚಿಮ ಆಫ್ರಿಕಾದ ಮಾಂಡಿಂಗ್ ಭಾಷೆಗಳು ಇವು. ಮಾಲಿಯಲ್ಲಿ ಬಂಬರಾ, ಗಿನಿಯಲ್ಲಿ ಮನಿಂಕಾ, ಐವರಿ ಕೋಸ್ಟ್ ಮತ್ತು ಬುರ್ಕಿನಾ ಫಾಸೊದಲ್ಲಿ ಜೂಲಾ, ಗಾಂಬಿಯಾ ಕಡೆ ಮಂಡಿಂಕಾ. 13ನೇ ಶತಮಾನದಲ್ಲಿ ಸುಂಜಾಟ ಕಟ್ಟಿದ ಮಾಲಿ ಸಾಮ್ರಾಜ್ಯದ ಜೊತೆಗೆ ಹಬ್ಬಿದ ಮಾತು. ರಾಜ್ಯ ಹೋದ ಮೇಲೂ ವ್ಯಾಪಾರಿಗಳು ಅದನ್ನು ಊರೂರಿಗೆ ಒಯ್ದರು. ಜೂಲಾ ಅನ್ನುವ ಹೆಸರಿನ ಅರ್ಥವೇ ವ್ಯಾಪಾರಿ.

ಹಾಗಾದರೆ ಒಂದು ಭಾಷೆಯಾ, ನಾಲ್ಕಾ? ಅಕ್ಕಪಕ್ಕದವರಿಗೆ ಪರಸ್ಪರ ಅರ್ಥವಾಗುತ್ತದೆ. ಆದರೆ ಗಾಂಬಿಯಾದವನನ್ನು ಸೀದಾ ಮಾಲಿಯ ರಾಜಧಾನಿ ಬಮಾಕೊದ ಸಂತೆಯಲ್ಲಿ ಇಳಿಸಿದರೆ ಮೊದಲ ಕೆಲವು ದಿನ ಕಷ್ಟ. ಬಂಬರಾದಲ್ಲಿ ಮನುಷ್ಯನಿಗೆ 'ಮೊಗೊ'. ಮನಿಂಕಾ, ಮಂಡಿಂಕಾದಲ್ಲಿ ನಡುವಿನ 'ಗ' ಬಿದ್ದುಹೋಗಿ 'ಮೋ'. ಜಾಸ್ತಿ ಜನ ಇದ್ದರೆ ಮಂಡಿಂಕಾದವರು 'ಲು' ಸೇರಿಸಿ 'ಮೋಲು' ಅನ್ನುತ್ತಾರೆ. (ತೆಲುಗಿನ 'ಲು' ನೆನಪಾಯಿತಾ? ನನಗೂ ಆಯಿತು. ದಯವಿಟ್ಟು ಅದನ್ನೇ ಹಿಡಿದು 'ದ್ರಾವಿಡರ ಮೂಲ ಆಫ್ರಿಕಾ' ಅಂತ ಫಾರ್ವರ್ಡ್ ಶುರು ಮಾಡಬೇಡಿ. ಸುಮ್ನೆ ಕಾಕತಾಳೀಯ.)

ಆದರೂ ವಾಕ್ಯ ನೋಡಿದರೆ ನಮಗೆ ಸಲೀಸು. 'ನ್ ಬೆ ಜಿ ಮಿನ್' ಅಂದರೆ ಬಂಬರಾದಲ್ಲಿ 'ನಾನು ನೀರು ಕುಡಿಯುತ್ತೇನೆ'. 'ನ್' ನಾನು, 'ಜಿ' ನೀರು, 'ಮಿನ್' ಕುಡಿ. 'ಬೆ' ಕಾಲ ತೋರಿಸುವ ಪದ. ನಮ್ಮ ಹಾಗೇ ನೀರು ಮೊದಲು, ಕುಡಿಯುವುದು ಆಮೇಲೆ. 'ಸೊ ಕೊನೊ' ಅಂದರೆ ಮನೆ ಒಳಗೆ. 'ಒಳಗೆ' ಅನ್ನುವುದು ಅಲ್ಲೂ ಮನೆಯ ಹಿಂದೆಯೇ ಬರುತ್ತದೆ. ಆದರೆ ಅದೇ 'ಸೊ'ವನ್ನು ದನಿ ತಗ್ಗಿಸಿ ಹೇಳಿದಿರೋ, ಮನೆ ಹೋಗಿ ಕುದುರೆ ಆಗುತ್ತದೆ. ಇಲ್ಲಿ ನಮ್ಮ ನಾಲಿಗೆ ಸೋಲುತ್ತೆ.

ಈ 'ಸೊ'ದಿಂದಲೇ ನನಗೆ ಸೊಲೊಮಾನ ಕಾಂಟೆಯ ತಲೆನೋವು ಅರ್ಥವಾಗಿದ್ದು. ಗಿನಿಯ ಕಂಕನ್ ಕಡೆಯವರು, ಹುಟ್ಟಿದ್ದು 1922ರಲ್ಲಿ. ತಂದೆ ಕುರಾನ್ ಕಲಿಸುತ್ತಿದ್ದ ಮೇಷ್ಟ್ರು. 1944ರ ಸುಮಾರಿಗೆ ಅವರ ಕಣ್ಣಿಗೆ ಲೆಬನಾನಿನ ಪತ್ರಕರ್ತನೊಬ್ಬನ ಬರಹ ಬಿತ್ತು. ಆಫ್ರಿಕಾದವರ ಮಾತು ಹಕ್ಕಿಗಳ ಕೂಗಿನಂತೆ, ಅದನ್ನು ಬರೆಯಲು ಆಗದು ಅಂತ ಅದರಲ್ಲಿತ್ತು. ಸಿಟ್ಟು ಬಂತು. ಮೊದಲು ಅರಬ್ಬಿ ಅಕ್ಷರದಲ್ಲಿ ಬರೆದು ನೋಡಿದರು, ಆಮೇಲೆ ಲ್ಯಾಟಿನ್‌ನಲ್ಲಿ. ಎರಡರಲ್ಲೂ ದನಿಯ ಏರಿಳಿತ ಸರಿಯಾಗಿ ಕೂರಲಿಲ್ಲ. ಕೊನೆಗೆ 1949ರಲ್ಲಿ ತಾವೇ ಲಿಪಿ ಕಟ್ಟಿದರು. 27 ಅಕ್ಷರ, ದನಿ ಏರಿದರೆ ಇಳಿದರೆ ತಲೆ ಮೇಲೆ ಗುರುತು, ಬರೆಯುವುದು ಬಲದಿಂದ ಎಡಕ್ಕೆ. ದಿಕ್ಕು ಗೊತ್ತುಮಾಡಲು ಓದು ಬಾರದ ಜನರನ್ನು ಕರೆದು ನೆಲದ ಮೇಲೆ ಗೆರೆ ಎಳೆಯಲು ಹೇಳಿದರು, ಹೆಚ್ಚಿನವರು ಬಲದಿಂದಲೇ ಎಳೆದರು ಅಂತ ಕಥೆ ಇದೆ.

ನನಗೆ ಬಹಳ ಹಿಡಿಸಿದ್ದು ಆ ಲಿಪಿಗೆ ಇಟ್ಟ ಹೆಸರು, ಗೂಗಲ್ ಪಟ್ಟಿಯಲ್ಲಿ ಕಂಡ ಅದೇ ಎನ್ಕೋ. 'ನ್ ಕೊ' ಅಂದರೆ 'ನಾನು ಹೇಳುತ್ತೇನೆ'. ಮಾಂಡಿಂಗ್ ಭಾಷೆ ಯಾವುದೇ ಇರಲಿ, ಇದನ್ನು ಮಾತ್ರ ಎಲ್ಲರೂ ಹೀಗೇ ಹೇಳುತ್ತಾರೆ. ಬಂಬರಾ ಅಂದರೆ ಮನಿಂಕಾದವನಿಗೆ ಬೇಜಾರು, ಮನಿಂಕಾ ಅಂದರೆ ಬಂಬರಾದವನಿಗೆ. ಎಷ್ಟು ಜಾಣತನ ಅಲ್ವಾ!

ಲಿಪಿ ಹರಡಿದ್ದೂ ಸಂತೆಯ ದಾರಿಯಲ್ಲೇ. ಗಿನಿಯ ಸರ್ಕಾರ ತನ್ನ ಶಾಲೆಗಳಿಗೆ ಲ್ಯಾಟಿನ್ ಅಕ್ಷರ ತಂದಿತು. ಎನ್ಕೋ ಕಲಿತವರು ವ್ಯಾಪಾರಿಗಳು, ನಾಟಿ ಔಷಧಿ ಕೊಡುವವರು, ಸಂಜೆ ಪಾಠ ಹೇಳುವ ಮೇಷ್ಟ್ರುಗಳು. ಒಬ್ಬರು ಕಲಿತು ಇನ್ನೊಬ್ಬರಿಗೆ ಕಲಿಸಿದರು, ಪುಸ್ತಕ ಕೈಯಲ್ಲೇ ನಕಲು ಮಾಡಿದರು. 1987ರಲ್ಲಿ ಕಾಂಟೆ ತೀರಿಕೊಂಡರು. 2006ರಲ್ಲಿ ಎನ್ಕೋ ಲಿಪಿ ಯೂನಿಕೋಡ್‌ಗೆ, ಅಂದರೆ ಕಂಪ್ಯೂಟರಿನ ಅಕ್ಷರಪಟ್ಟಿಗೆ, ಸೇರಿತು.

ಇಷ್ಟೆಲ್ಲ ಹೊಗಳಿದರೂ ನನಗೊಂದು ತಕರಾರಿದೆ. ಎನ್ಕೋದ ಬರವಣಿಗೆಯ ಭಾಷೆ ಹೆಚ್ಚಾಗಿ ಕಂಕನ್ ಕಡೆಯ ಮನಿಂಕಾವನ್ನೇ ಒರಗಿಕೊಂಡಿದೆ. ಮಾಲಿಯ ಬಂಬರಾ ಹುಡುಗನಿಗೆ 'ಇದೇ ನಿನ್ನ ಶುದ್ಧ ಭಾಷೆ' ಅಂದರೆ ಅವನಿಗೆ ಕಸಿವಿಸಿ ಆಗದೇ ಇರುತ್ತದಾ? ಹೊರಗಿನವರು ಗಡಿ ಹಾಕಿ ನಾಲ್ಕು ಮಾಡಿದರು ನಿಜ. ಹಾಗಂತ ಒಳಗಿನವರೊಬ್ಬರು ಎಲ್ಲರನ್ನೂ ಸೇರಿಸಿ ಒಂದು ಮಾಡುವಾಗಲೂ ಯಾರದ್ದೋ 'ಗ' ಬಿದ್ದುಹೋಗುತ್ತದೆ. ಎಷ್ಟು ಭಾಷೆ ಅನ್ನುವ ಲೆಕ್ಕವನ್ನು ಆಡುವವರಿಗೇ ಬಿಡಬೇಕು, ಅವರ ಲೆಕ್ಕ ಊರಿಂದೂರಿಗೆ ಬೇರೆಯಾದರೂ ಪರವಾಗಿಲ್ಲ ಅನ್ನುವುದು ನನ್ನ ವಾದ. ನಮ್ಮ ಪಕ್ಕದ ಮನೆಯ ಬಾಯಮ್ಮ ಕೊಂಕಣಿಯನ್ನು ಕನ್ನಡ ಅಕ್ಷರದಲ್ಲಿ ಓದುತ್ತಾರೆ, ಗೋವಾದಲ್ಲಿರುವ ಅವರ ಸೊಸೆ ರೋಮಿಯಲ್ಲಿ, ಅಂದರೆ ರೋಮನ್ ಅಕ್ಷರದಲ್ಲಿ. ಫೋನಿನಲ್ಲಿ ಜಗಳ ಮಾತ್ರ ಚೆನ್ನಾಗೇ ಅರ್ಥವಾಗುತ್ತದೆ.

ಈ ಕಥೆ ನನಗೆ ಇಷ್ಟು ತಾಗಲು ಕಾರಣ ಇದೆ. ಪಶ್ಚಿಮ ಆಫ್ರಿಕಾದಲ್ಲಿ ಫ್ರೆಂಚರ ಆಳ್ವಿಕೆಯ ಕಾಲದ ಶಾಲೆಗಳಲ್ಲಿ ಮನೆಭಾಷೆ ಆಡಿದ ಮಗುವಿನ ಕೊರಳಿಗೆ ಒಂದು ವಸ್ತು ನೇತುಹಾಕುತ್ತಿದ್ದರು. ಇನ್ನೊಬ್ಬ ಸಿಕ್ಕಿಬಿದ್ದರೆ ಅವನಿಗೆ ದಾಟಿಸಬೇಕು. ಸಂಜೆ ಯಾರ ಕೊರಳಲ್ಲಿ ಉಳಿಯಿತೋ ಅವನಿಗೆ ಶಿಕ್ಷೆ. ನನ್ನ ಶಾಲೆಯಲ್ಲಿ ತುಳು ಆಡಿದರೆ ಒಂದು ರೂಪಾಯಿ ದಂಡ ಇತ್ತು, ಹೆಸರು ಬರೆದುಕೊಳ್ಳಲು ಒಬ್ಬ ಲೀಡರ್. 'ಲಿಪಿಯೇ ಇಲ್ಲ, ಅದೆಂಥ ಭಾಷೆ' ಅಂದ ಮೇಷ್ಟ್ರ ಮುಖ ಇನ್ನೂ ನೆನಪಿದೆ. ನಾನು ತಲೆ ತಗ್ಗಿಸಿ ದಂಡ ಕಟ್ಟಿದೆ. ಕಾಂಟೆ ಐದು ವರ್ಷ ಕೂತು ಲಿಪಿ ಮಾಡಿದರು.

ಮಾಲಿಯಲ್ಲಿ 2023ರ ಹೊಸ ಸಂವಿಧಾನ ಬಂಬರಾ ಸೇರಿ 13 ಭಾಷೆಗಳನ್ನು ಅಧಿಕೃತ ಮಾಡಿದೆ. ಫ್ರೆಂಚ್ ಈಗ ಬರೀ ಕೆಲಸದ ಭಾಷೆ. ಕಡತಗಳು ಯಾವಾಗ ಬದಲಾಗುತ್ತವೋ ನೋಡಬೇಕು.

ಬಂಬರಾದ ನಮಸ್ಕಾರ ಒಂದನ್ನು ಅಣ್ಣನ ಮಗಳಿಗೆ ಕಲಿಸಿದ್ದೇನೆ. ಬೆಳಗ್ಗೆ ಸಿಕ್ಕರೆ 'ಇ ನಿ ಸೋಗೋಮ', ಪದಕ್ಕೆ ಪದ ಇಟ್ಟರೆ 'ನೀನೂ ಬೆಳಗೂ'. ಕೆಲಸದಲ್ಲಿದ್ದವರನ್ನು ಕಂಡರೆ 'ಇ ನಿ ಬಾರ', 'ನೀನೂ ಕೆಲಸವೂ'. ಗಂಡಸರು 'ನ್ಬಾ' ಅಂತಲೂ ಹೆಂಗಸರು 'ನ್ಸೆ' ಅಂತಲೂ ಓಗೊಡಬೇಕು. ಅವಳಿಗೆ ಭಾರೀ ಖುಷಿ. ಈಗ ನಾನು 'ಇ ನಿ ಸೋಗೋಮ' ಅಂದರೆ ಟಕ್ ಅಂತ 'ನ್ಸೆ' ಅನ್ನುತ್ತಾಳೆ. ತುಳುವಿನಲ್ಲಿ 'ಎಂಚ ಉಲ್ಲ' ಅಂದರೆ 'ಫೈನ್ ಚಿಕ್ಕಪ್ಪ' ಅನ್ನುತ್ತಾಳೆ.