ಭಾವನವರ ಸರದಿ

ನಮ್ಮ ಭಾವನವರು ಕಳೆದ 18 ವರ್ಷಗಳಿಂದ ಅಮೆರಿಕಕ್ಕೆ ಹೊರಟು ನಿಂತಿದ್ದಾರೆ. ನ್ಯೂಜೆರ್ಸಿಯಲ್ಲಿ ನೆಲೆಸಿ ಅಲ್ಲಿಯ ಪೌರರೇ ಆಗಿರುವ ಅವರ ಅಣ್ಣ, ಒಡಹುಟ್ಟಿದವನನ್ನೂ ಕರೆಸಿಕೊಳ್ಳೋಣವೆಂದು 2007ರಲ್ಲಿ ಐ-130 ಅರ್ಜಿ ಸಲ್ಲಿಸಿದರು. ಅದರ ಹಿಂದಿನ ವರ್ಷವಷ್ಟೇ ನಮ್ಮ ಮೆಟ್ರೋಗೆ ಶಂಕುಸ್ಥಾಪನೆಯಾಗಿತ್ತು. "ಇದು ಮುಗಿಯುವುದನ್ನು ನೋಡಲು ನಾವಂತೂ ಇಲ್ಲಿರುವುದಿಲ್ಲ ಬಿಡು" ಎಂದು ಭಾವನವರು ಅಗೆದ ರಸ್ತೆಯ ಧೂಳು ಕೊಡವಿಕೊಳ್ಳುತ್ತ ಹೇಳಿದ್ದರು. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಬೊಮ್ಮಸಂದ್ರ ಮುಟ್ಟಿದಾಗ ಮೊದಲ ವಾರದ ಪ್ರಯಾಣಿಕರಲ್ಲಿ ಅವರೂ ಇದ್ದರು, ಹಿರಿಯ ನಾಗರಿಕರ ಆಸನದಲ್ಲಿ.

ಅಮೆರಿಕದ ಕಾನೂನಿನಲ್ಲಿ ಪೌರರ ಗಂಡ ಅಥವಾ ಹೆಂಡತಿ, 21 ತುಂಬದ ಅವಿವಾಹಿತ ಮಕ್ಕಳು, ತಂದೆತಾಯಿ ಇವರಿಗೆ ಸರದಿಯಿಲ್ಲ. ಅಣ್ಣತಮ್ಮ ಅಕ್ಕತಂಗಿಯರು ಮಾತ್ರ ಎಫ್-4 ಎಂಬ ಕಡೆಯ ಪಂಕ್ತಿಯವರು. ಇಡೀ ಜಗತ್ತಿನ ಒಡಹುಟ್ಟಿದವರಿಗೆ, ಅವರ ಸಂಸಾರವೂ ಸೇರಿದಂತೆ, ವರ್ಷಕ್ಕೆ ಸುಮಾರು 65,000 ವೀಸಾಗಳ ಎಲೆ ಹಾಕಲಾಗುತ್ತದೆ. ಯಾವ ದೇಶಕ್ಕೂ ನೂರಕ್ಕೆ 7ರಷ್ಟಕ್ಕಿಂತ ಹೆಚ್ಚು ಬಡಿಸಬಾರದೆಂಬ ಕಟ್ಟಳೆಯಿರುವುದರಿಂದ ಭಾರತಕ್ಕೂ ಐಸ್‌ಲ್ಯಾಂಡಿಗೂ ಒಂದೇ ಸೌಟು. ದೊಡ್ಡಪ್ಪನ ಮಗನನ್ನೂ ಅಣ್ಣನೆಂದೇ ಕರೆಯುವ ನಮ್ಮ ಪದ್ಧತಿಗೆ ಅಲ್ಲಿ ಎಲೆಯೇ ಇಲ್ಲ.

ಯಾವ ದಿನಾಂಕದವರೆಗೆ ಹಾಕಿದ ಅರ್ಜಿಗಳಿಗೆ ಸರದಿ ಬಂದಿದೆಯೆಂದು ತಿಳಿಸಲು ಅಮೆರಿಕದಿಂದ ಪ್ರತಿ ತಿಂಗಳೂ ಹೊರಡುವ ವೀಸಾ ಬುಲೆಟಿನ್‌ಗೆ ಅಕ್ಕನ ಮನೆಯಲ್ಲಿ ಯುಗಾದಿಯ ಪಂಚಾಂಗ ಶ್ರವಣದ ಮರ್ಯಾದೆಯಿದೆ. ಭಾವನವರು ಕನ್ನಡಕ ಏರಿಸಿಕೊಂಡು ಭಾರತದ ಕಾಲಂ ಓದುತ್ತಾರೆ, ಅಕ್ಕ ಒಗ್ಗರಣೆ ನಿಲ್ಲಿಸಿ ಕೇಳುತ್ತಾಳೆ. ಆ ದಿನಾಂಕ ಒಂದು ತಿಂಗಳು ಕೆಲವೇ ದಿನ ಮುಂದೆ ಸರಿಯುತ್ತದೆ, ಇನ್ನೊಂದು ತಿಂಗಳು ಕದಲುವುದೇ ಇಲ್ಲ, ಒಮ್ಮೊಮ್ಮೆ ಶನಿಯಂತೆ ವಕ್ರಗತಿ ಹಿಡಿದು ಹಿಂದಕ್ಕೂ ಬರುತ್ತದೆ. 2025 ಮುಗಿಯುತ್ತ ಬಂದರೂ ಅದು 2006ನ್ನು ದಾಟಿರಲಿಲ್ಲ. ಅರ್ಜಿ ಹಾಕಿದಾಗ ಏಳು ವರ್ಷದವಳಾಗಿದ್ದ ಮಗಳಿಗೆ ಕಳೆದ ವರ್ಷ ಮದುವೆಯಾಯಿತು. ಮದುವೆಯಾದವಳು ಅರ್ಜಿಯ ಲೆಕ್ಕದಲ್ಲಿ ಮಗಳಲ್ಲ. ಧಾರೆಯೆರೆಯುವಾಗ ಭಾವನವರು ಬಿಕ್ಕಿದ್ದು ಯಾವ ಕಾರಣಕ್ಕೆಂದು ನಾನು ಕೇಳಲು ಹೋಗಲಿಲ್ಲ.

ಕಾಗದಪತ್ರಗಳದು ಬೇರೆಯೇ ಪುರಾಣ. ಚಾಮರಾಜಪೇಟೆಯ ಮನೆಯಲ್ಲೇ ಹುಟ್ಟಿದ ಭಾವನವರ ಜನನ ಎಲ್ಲಿಯೂ ನೋಂದಣಿಯಾಗಿರಲಿಲ್ಲ. ಹಾಗಿದ್ದರೆ ಜನನ ಪ್ರಮಾಣಪತ್ರ ಲಭ್ಯವಿಲ್ಲ ಎಂಬುದಕ್ಕೊಂದು ಪ್ರಮಾಣಪತ್ರ ಬೇಕು. ಅದಕ್ಕಾಗಿ ಮೂರನೆಯ ಸಲ ಕಚೇರಿಯ ಕಿಟಕಿಯೆದುರು ನಿಂತಾಗ ಗುಮಾಸ್ತರು, "ಸಾರ್, ಇಲ್ಲ ಅಂತ ಬರೆದುಕೊಡೋಕೂ ಆ ರಿಜಿಸ್ಟರ್ ಸಿಗಬೇಕಲ್ಲ" ಎಂದರಂತೆ. ಅಣ್ಣತಮ್ಮಂದಿರೆಂದು ರುಜುವಾತು ಮಾಡುವುದಂತೂ ಇನ್ನೂ ಕಷ್ಟ. ಅಣ್ಣನ ಇನಿಷಿಯಲ್ ಬಿಡಿಸಿದಾಗ ಊರಿನ ಹೆಸರು ಮನೆತನದ ಹೆಸರಾಯಿತು, ತಮ್ಮನದು ಬಿಡಿಸಿದಾಗ ತಂದೆಯ ಹೆಸರು. ಒಂದೇ ತೊಟ್ಟಿಲಲ್ಲಿ ಬೆಳೆದವರು ಪಾಸ್‌ಪೋರ್ಟಿನಲ್ಲಿ ಪರಸ್ಪರ ಅಪರಿಚಿತರು. ಸಾಲದೆಂಬಂತೆ ಇಬ್ಬರೂ ಹುಟ್ಟಿದ 'ಬ್ಯಾಂಗಲೋರ್' 2014ರ ನವೆಂಬರ್ 1ರಂದು ತಾನೂ ಹೆಸರು ಬದಲಿಸಿಕೊಂಡಿತು.

ಸರದಿ ಬಂದ ಮೇಲೆ ಐ-864 ಇದೆ. ಬರುವವರು ಸರ್ಕಾರಕ್ಕೆ ಹೊರೆಯಾಗದಂತೆ, ಬಡತನದ ಮಟ್ಟದ ನೂರಕ್ಕೆ 125ರಷ್ಟು ವರಮಾನವಿಟ್ಟುಕೊಂಡು ಸಲಹುತ್ತೇನೆಂದು ಅಣ್ಣ ಮುಚ್ಚಳಿಕೆ ಬರೆದುಕೊಡಬೇಕು. ಅಣ್ಣ ಈಗ ನಿವೃತ್ತರು, ಮನೆಸಾಲದ ಕಂತು ಇನ್ನೂ ತೀರಿಲ್ಲ. ವಿಜಯನಗರದಲ್ಲಿ ಮೂರು ಮನೆಗಳ ಬಾಡಿಗೆ ಎಣಿಸುವ ಈ ತಮ್ಮನನ್ನೇ ಅವರು ಹೋದ ಸಂಕ್ರಾಂತಿಗೆ ಕೈಗಡ ಕೇಳಿದ್ದರು.

ನಾಳೆ ಹೊರಡುವವರಿಗೆ ಹೊಸ ಸೋಫಾ ಏಕೆಂದು ಅಕ್ಕ ಇಂದಿಗೂ ಸ್ಪ್ರಿಂಗ್ ಚುಚ್ಚುವ ಹಳೆಯದರ ಮೇಲೆಯೇ ನಮ್ಮನ್ನು ಕೂರಿಸುತ್ತಾಳೆ. ಪ್ರಯಾಣಕ್ಕೆಂದು 2008ರಲ್ಲಿ ಚಿಕ್ಕಪೇಟೆಯಲ್ಲಿ ಕೊಂಡ ಎರಡು ಸೂಟ್‌ಕೇಸುಗಳು ಅಟ್ಟದ ಮೇಲಿವೆ. ಅವುಗಳೊಳಗೆ ಹಳೆಯ ಪತ್ರಿಕೆಯಲ್ಲಿ ಸುತ್ತಿದ ದಸರಾ ಗೊಂಬೆಗಳು ಮಲಗಿವೆ. ವೀಸಾ ಬಂದೇಬಿಟ್ಟರೆ ಅವನ್ನೆಲ್ಲ ಎಲ್ಲಿಡುವುದೆಂಬುದೇ ಈಗ ಅಕ್ಕನ ಚಿಂತೆ.